ಮೊದಲು ನೀರಿಗೆ ದಾರಿ

ಮೇ ತಿಂಗಳ ಕೊನೆಯ ವಾರ. ಉತ್ತರ ಕನ್ನಡದ ಕರಾವಳಿಯ ಒಂದು ಹಳ್ಳಿ. ಉಪ್ಪುನೀರು ಏರಿಬರುವ ಹೊಳೆ, ಅದರ ಮೇಲೆ ಮೂರು ಅಂಕಣಗಳ ಕಾಂಕ್ರೀಟ್ ಸೇತುವೆ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಹಿರಿಯರು ಒಬ್ಬರು. ಅದೇ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿ, ಮೊನ್ನೆ ಮೊನ್ನೆ ಈ ಉಪವಿಭಾಗಕ್ಕೆ ಬಂದ ಅವರ ತಮ್ಮನ ಮಗಳು ಇನ್ನೊಬ್ಬಳು. ಇಳಿತದ ಹೊತ್ತು ನೋಡಿಕೊಂಡು ಇಬ್ಬರೂ ಸೇತುವೆಯ ಅಡಿಗೆ ಇಳಿದಿದ್ದಾರೆ. ಅವಳ ಕೈಯಲ್ಲಿ ಪಟ್ಟಿ, ಅವರ ಕೈಯಲ್ಲಿ ಸಣ್ಣ ಸುತ್ತಿಗೆ.

ಮಗಳು: ದೊಡ್ಡಪ್ಪ, ಮಳೆ ಹಿಡಿಯುವುದರೊಳಗೆ ತಪಾಸಣೆ ಮುಗಿಸಿ ವರದಿ ಕೊಡಬೇಕು. ಸೇತುವೆ, ಮೋರಿ ಎಲ್ಲ ಸೇರಿ ನನ್ನ ಪಾಲಿಗೆ ಐವತ್ತರ ಮೇಲೆ ಬಂದಿವೆ. ನಿರ್ವಹಣೆಗೆ ಸಿಗುವ ಹಣ ಲೆಕ್ಕ ಹಾಕಿದರೆ ನಾಲ್ಕಕ್ಕೋ ಐದಕ್ಕೋ ಸಾಕಾದೀತು. ಎಲ್ಲಿಂದ ಶುರು ಮಾಡಲಿ? ಎಲ್ಲಕ್ಕಿಂತ ಕೆಟ್ಟದ್ದರಿಂದ ತಾನೆ?

ದೊಡ್ಡಪ್ಪ: ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಉತ್ತರ ಹೇಳುವ ಮೊದಲು ಇದನ್ನು ಕೇಳು. (ಗರ್ಡರಿಗೆ ಸುತ್ತಿಗೆಯಿಂದ ತಟ್ಟುತ್ತಾರೆ.) ಸದ್ದು ಹೇಗಿದೆ?

ಮಗಳು: ಠಣ್ ಅಂತಿದೆ. ಗಟ್ಟಿಯಾಗಿದೆ.

ದೊಡ್ಡಪ್ಪ: ಒಂದು ಮಾರು ಈಚೆ ತಟ್ಟುತ್ತೇನೆ. ಈಗ?

ಮಗಳು: ಡಬ್ ಡಬ್. ಹಣ್ಣಾದ ಹಲಸು ತಟ್ಟಿದ ಹಾಗೆ.

ದೊಡ್ಡಪ್ಪ: ಹೊರಗಿನ ಪದರ ಒಳಗಿನ ಸರಳಿನಿಂದ ಬಿಟ್ಟುಕೊಂಡಿದೆ. ಬಿರುಕು ಇನ್ನೂ ಕಣ್ಣಿಗೆ ಬಿದ್ದಿಲ್ಲ, ಆದರೆ ಒಳಗೆ ತುಕ್ಕು ಹಿಡಿದಾಗಿದೆ. ಕಬ್ಬಿಣ ತುಕ್ಕಾದರೆ ಮೊದಲಿನ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟು ಮೇಲಿನಿಂದ ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಒಳಗಿನಿಂದ ಉಬ್ಬಿಸಿದರೆ ತಾಳುವುದಿಲ್ಲ, ಸಿಡಿದು ಉದುರುತ್ತದೆ. ಈಗ ಮೇಲೆ ನೋಡು. ಆ ಕಂದು ಗೆರೆ ಎಲ್ಲಿಂದ ಇಳಿದಿದೆ?

ಮಗಳು: ಮಳೆನೀರು ಹೋಗುವ ಪೈಪಿನ ಬಾಯಿಯಿಂದ. ಪೈಪು ಸ್ಲ್ಯಾಬಿನ ಅಡಿಗೆ ಬಂದಲ್ಲೇ ಮುಗಿದಿದೆ. ನೀರು ಹೊಳೆಗೆ ಬೀಳುವ ಬದಲು ಸ್ಲ್ಯಾಬಿನ ಹೊಟ್ಟೆಗೆ ಅಂಟಿಕೊಂಡು ಬಂದು ಗರ್ಡರಿನ ಮೈಮೇಲೆ ಇಳಿದಿದೆ.

ದೊಡ್ಡಪ್ಪ: ಒಂದು ಮೊಳ ಪೈಪು ಹೆಚ್ಚಿಗೆ ಇದ್ದಿದ್ದರೆ ನೀರು ನೇರ ಹೊಳೆಗೆ ಹೋಗುತ್ತಿತ್ತು. ಅದಿಲ್ಲದ್ದಕ್ಕೆ ನಲವತ್ತು ಮಳೆಗಾಲ ಇದೊಂದೇ ಜಾಗ ನೆನೆದಿದೆ. ಅದರ ಜೊತೆಗೆ ಇಲ್ಲಿ ಭರತಕ್ಕೆ ಉಪ್ಪುನೀರು ಬೇರೆ ಬರುತ್ತದೆ. ಉಪ್ಪು ಕಾಂಕ್ರೀಟಿನೊಳಗೆ ಇಂಗಿ ಸರಳಿಗೆ ತಲುಪಿದ ಮೇಲೆ ತುಕ್ಕನ್ನು ತಡೆದು ನಿಲ್ಲಿಸುವುದು ಬಹಳ ಕಷ್ಟ. ಇನ್ನೊಂದು ಮಾತು ನಾನೇ ಹೇಳಬೇಕು. ಈ ಸೇತುವೆಗೆ ಕಾಂಕ್ರೀಟು ಹಾಕಿಸಿದವನು ನಾನು. ಕೆಲಸಕ್ಕೆ ಸೇರಿ ಎರಡನೇ ವರ್ಷ. ಸರಳಿಗೂ ಹೊರಗಿನ ಗಾಳಿಗೂ ನಡುವೆ ಇಷ್ಟು ದಪ್ಪ ಕಾಂಕ್ರೀಟು ಇರಲೇಬೇಕೆಂದು ಲೆಕ್ಕವಿದೆ. ಅದಕ್ಕೆ ಸರಳಿನ ಕೆಳಗೆ ಕವರ್ ಬ್ಲಾಕ್ ಇಡಬೇಕು. ನಾವು ಜಲ್ಲಿಚೂರು ಇಟ್ಟು ಮುಗಿಸಿದೆವು. ಎಲ್ಲಿ ಜಲ್ಲಿ ಜಾರಿತೋ ಅಲ್ಲಿ ಸರಳು ಅಡಿಗೆ ಬಂದು ಕೂತಿದೆ. ನೀನು ಕೇಳಿದ ಡಬ್ ಡಬ್ ಸದ್ದಿನಲ್ಲಿ ನನ್ನ ಪಾಲೂ ಇದೆ.

ಮಗಳು: ಆಗ ಎಲ್ಲ ಕಡೆ ಹಾಗೇ ಮಾಡುತ್ತಿದ್ದರಲ್ಲವೆ?

ದೊಡ್ಡಪ್ಪ: ಮಾಡುತ್ತಿದ್ದರು. ಅದರ ಬೆಲೆಯನ್ನು ಈಗ ನಿನ್ನ ಕಾಲದವರು ತೆರುತ್ತಿದ್ದೀರಿ. ನಾನು ನೌಕರಿಗೆ ಹೊಸಬನಾಗಿದ್ದಾಗ, 1986ರ ಜುಲೈ 5ರಂದು ಪಣಜಿಯ ಮಾಂಡೋವಿ ಸೇತುವೆ ಕುಸಿಯಿತು. ಅದು ಬಳಕೆಗೆ ಬಂದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಎಳೆದು ಬಿಗಿದ ಉಕ್ಕಿನ ಕೇಬಲ್ಲುಗಳ ಬಲದ ಮೇಲೆ ನಿಂತ ಸೇತುವೆ ಅದು. ಸಮುದ್ರದ ಗಾಳಿಯಲ್ಲಿ ಕಾಂಕ್ರೀಟಿನೊಳಗೆ ಕೇಬಲ್ಲುಗಳು ತುಕ್ಕು ತಿಂದವು. ಆಮೇಲೆ ವರ್ಷಗಟ್ಟಲೆ ಜನ ಪಣಜಿಗೂ ಬೆತಿಮ್‌ಗೂ ನಡುವೆ ಫೆರ್ರಿ ಹತ್ತಿ ಓಡಾಡಿದರು. ಹೊರಗಿನಿಂದ ಚೆಂದ ಕಂಡ ಸೇತುವೆ ಒಳಗೆ ಏನಾಗಿದೆಯೋ ಯಾರಿಗೆ ಗೊತ್ತು ಎಂಬ ಭಯ ಅಂದು ಹತ್ತಿದ್ದು ನನಗಿನ್ನೂ ಬಿಟ್ಟಿಲ್ಲ. ಬಾ, ಮೇಲೆ ಹೋಗೋಣ.

(ದಡ ಹತ್ತಿ ಸೇತುವೆಯ ಮೇಲೆ ಬರುತ್ತಾರೆ.)

ದೊಡ್ಡಪ್ಪ: ಪೈಪಿನ ಮೇಲಿನ ಬಾಯಿ ಎಲ್ಲಿದೆ, ತೋರಿಸು.

ಮಗಳು: ಇಲ್ಲೇ ಇರಬೇಕು... ಕಾಣುತ್ತಿಲ್ಲ. ಅರ್ಧ ಡಾಂಬರು ಮುಚ್ಚಿದೆ. ಉಳಿದರ್ಧದಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿದೆ.

ದೊಡ್ಡಪ್ಪ: ರಸ್ತೆಗೆ ಡಾಂಬರು ಹಾಕುವಾಗಲೆಲ್ಲ ಸೇತುವೆಯ ಮೇಲೂ ಒಂದು ಪದರ ಹಾಕಿಕೊಂಡು ಹೋಗಿದ್ದಾರೆ. ಹಳೆಯದನ್ನು ಕೆರೆದು ತೆಗೆದಿಲ್ಲ. ಪ್ರತಿ ಪದರಕ್ಕೂ ಎರಡು ನಷ್ಟ. ಒಂದು, ನೀರಿನ ದಾರಿ ಮುಚ್ಚಿತು. ಇನ್ನೊಂದನ್ನು ನೀನೇ ಲೆಕ್ಕ ಹಾಕು. ಅಂಕಣದ ಉದ್ದ 20 ಮೀಟರ್, ರಸ್ತೆಯ ಅಗಲ ಏಳೂವರೆ ಮೀಟರ್, ಡಾಂಬರಿನ ದಪ್ಪ ಐದು ಸೆಂಟಿಮೀಟರ್.

ಮಗಳು: ಏಳೂವರೆ ಘನ ಮೀಟರ್. ಒಂದು ಘನ ಮೀಟರಿಗೆ 2.3 ಟನ್ ಹಿಡಿದರೆ... ಸುಮಾರು 17 ಟನ್!

ದೊಡ್ಡಪ್ಪ: ಎರಡು ಆಕ್ಸಲ್ಲಿನ ಲಾರಿ ಸರಕು ಸೇರಿ ಎಷ್ಟು ತೂಗಬಹುದು?

ಮಗಳು: ಮೊದಲು 16.2 ಟನ್ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಮಿತಿ ಏರಿಸಿದ ಮೇಲೆ 18.5 ಟನ್.

ದೊಡ್ಡಪ್ಪ: ಹಾಗಾದರೆ ಒಂದೊಂದು ಪದರ ಡಾಂಬರು ಹಾಕಿದಾಗಲೂ ಪ್ರತಿ ಅಂಕಣದ ಮೇಲೆ ಒಂದು ತುಂಬಿದ ಲಾರಿಯನ್ನು ಹಗಲೂ ರಾತ್ರಿ ನಿಲ್ಲಿಸಿದ ಹಾಗಾಯಿತು. ಅದು ಹೋಗುವುದೇ ಇಲ್ಲ. ಸೇತುವೆ ಕಟ್ಟುವಾಗ ಒಂದಿಷ್ಟು ಹೆಚ್ಚಿನ ಶಕ್ತಿ ಇಟ್ಟೇ ಕಟ್ಟಿರುತ್ತಾರೆ, ನಿಜ. ಆ ಹೆಚ್ಚಿನ ಶಕ್ತಿಯನ್ನು ಅಡಿಯಿಂದ ತುಕ್ಕು ತಿನ್ನುತ್ತಿದೆ, ಮೇಲಿನಿಂದ ಡಾಂಬರು ತಿನ್ನುತ್ತಿದೆ. ರಸ್ತೆ ನುಣ್ಣಗಾಯಿತೆಂದು ಜನಕ್ಕೆ ಸಂತೋಷ. ಆ ಜಾಯಿಂಟಿನಲ್ಲಿ ಏನಿದೆ ನೋಡು.

ಮಗಳು: ಅಶ್ವತ್ಥದ ಸಸಿ. ಕಿರುಬೆರಳಿನಷ್ಟು ದಪ್ಪ ಇದೆ.

ದೊಡ್ಡಪ್ಪ: ಹಕ್ಕಿ ಹಾಕಿದ ಬೀಜ. ಎರಡು ವರ್ಷ ಬಿಟ್ಟರೆ ಬೇರು ಜಾಯಿಂಟಿನೊಳಗೆ ಇಳಿದು ಕಾಂಕ್ರೀಟನ್ನು ಸೀಳುತ್ತದೆ. ಕೆಲವು ಕಡೆ ಅಶ್ವತ್ಥವೆಂದು ಕತ್ತಿ ಹಾಕಲು ಕೆಲಸದವರೇ ಹಿಂದೆಗೆಯುತ್ತಾರೆ. ಸಸಿ ಇರುವಾಗಲೇ ಬೇರು ಸಮೇತ ಕಿತ್ತು ದಡದ ಮೇಲೆ ನೆಟ್ಟುಬಿಡಿ ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಇವತ್ತು ಹಾರೆ ಹಿಡಿದ ಒಬ್ಬ ಮನುಷ್ಯ ಅರ್ಧ ತಾಸಿನಲ್ಲಿ ಮುಗಿಸುವ ಕೆಲಸ. ಹತ್ತು ವರ್ಷ ಬಿಟ್ಟರೆ ಸೇತುವೆಯ ತುದಿಯನ್ನೇ ಒಡೆದು ಕಟ್ಟಬೇಕು.

ಮಗಳು: ಕಾಲೇಜಿನಲ್ಲಿ ಡಿ ಸಿಟ್ಟರ್ ಎಂಬುವರ ಐದರ ನಿಯಮ ಅಂತ ಓದಿದ್ದೆ. 1984ರಲ್ಲಿ ಹೇಳಿದ್ದು. ಕಟ್ಟುವಾಗ ಒಂದು ರೂಪಾಯಿಯಲ್ಲಿ ಸರಿಯಾಗುವುದು ಆಮೇಲೆ ನಿರ್ವಹಣೆಯಲ್ಲಿ ಐದು ರೂಪಾಯಿ ಕೇಳುತ್ತದೆ, ದುರಸ್ತಿಗೆ ಬಂದರೆ ಇಪ್ಪತ್ತೈದು, ಮತ್ತೆ ಕಟ್ಟಬೇಕಾಗಿ ಬಂದರೆ ನೂರಿಪ್ಪತ್ತೈದು.

ದೊಡ್ಡಪ್ಪ: ಅಷ್ಟೇ ಲೆಕ್ಕ ಎಲ್ಲ ಕಡೆ ಬರುತ್ತದೆ ಎಂದಲ್ಲ, ಆದರೆ ಏರುವ ಕ್ರಮ ಹಾಗೇ ಇರುತ್ತದೆ. ಕವರ್ ಬ್ಲಾಕಿನಲ್ಲಿ ಉಳಿಸಿದ ನನ್ನ ಒಂದು ರೂಪಾಯಿ ಈಗ ಎಷ್ಟಾಗಿದೆ ಎಂದು ನೀನೇ ನೋಡಿದೆ.

ಮಗಳು: ಇದು ನನಗೆ ಅರ್ಥವಾಗುತ್ತದೆ. ಆದರೆ ಹಣ ಕೊಡುವವರಿಗೆ ಅರ್ಥವಾಗುವುದಿಲ್ಲ. ಹೊಸ ಸೇತುವೆಗೆ ಕೋಟಿಗಟ್ಟಲೆ ಮಂಜೂರಾಗುತ್ತದೆ. ಪೈಪು ತೊಳೆಸಲು ಕೆಲವು ಸಾವಿರ ಕೇಳಿದರೆ ಅನುದಾನ ಇಲ್ಲ ಎಂಬ ಉತ್ತರ ಬರುತ್ತದೆ.

ದೊಡ್ಡಪ್ಪ: ಅದಕ್ಕೆ ಒಬ್ಬಿಬ್ಬರನ್ನು ದೂರಿ ಪ್ರಯೋಜನವಿಲ್ಲ. ಆಯವ್ಯಯ ಪುಸ್ತಕದಲ್ಲೇ ದಾರಿ ಕವಲೊಡೆದಿದೆ. ರಸ್ತೆ, ಸೇತುವೆಗಳ ನಿರ್ವಹಣೆ ಲೆಕ್ಕಶೀರ್ಷಿಕೆ 3054ರಲ್ಲಿ ಬರುತ್ತದೆ, ಅದು ರಾಜಸ್ವ ವೆಚ್ಚ. ಹೊಸದಾಗಿ ಕಟ್ಟುವುದು 5054ರಲ್ಲಿ, ಅದು ಬಂಡವಾಳ ವೆಚ್ಚ. ಸಂಬಳ, ಪಿಂಚಣಿ, ಬಡ್ಡಿ ಎಲ್ಲ ರಾಜಸ್ವದ ಕಡೆ. ಅಷ್ಟನ್ನೂ ಕೊಟ್ಟು ಮಿಕ್ಕಿದ್ದರಲ್ಲಿ ನಿನ್ನ ಪೈಪು ತೊಳೆಯಬೇಕು. ಬಂಡವಾಳಕ್ಕಾದರೆ ಸಾಲ ಸಿಗುತ್ತದೆ. ಹಳ್ಳಿಯ ಸೇತುವೆಗೆ 1995ರಿಂದ ನಬಾರ್ಡಿನ ಗ್ರಾಮೀಣ ಮೂಲಸೌಕರ್ಯ ನಿಧಿ ಇದೆ. 2020ರ ನಂತರ ಕೇಂದ್ರ ಸರ್ಕಾರ ರಾಜ್ಯಗಳಿಗೆ ಐವತ್ತು ವರ್ಷದ ಬಡ್ಡಿಯಿಲ್ಲದ ಸಾಲವನ್ನೂ ಕೊಡುತ್ತಿದೆ, ಅದೂ ಬಂಡವಾಳ ಕೆಲಸಕ್ಕೆ ಮಾತ್ರ. ಹಾಗಾಗಿ ಸೇತುವೆ ಪೂರ್ತಿ ಕೆಟ್ಟ ಮೇಲೆ ಹಣ ಹುಟ್ಟುತ್ತದೆ, ಕೆಡದಂತೆ ನೋಡಿಕೊಳ್ಳಲು ಹುಟ್ಟುವುದಿಲ್ಲ.

ಮಗಳು: ಹಾಗಾದರೆ ನನ್ನಂಥವಳು ಏನು ಮಾಡಲಿ?

ದೊಡ್ಡಪ್ಪ: ಪಟ್ಟಿಯನ್ನು ಮೂರು ರಾಶಿ ಮಾಡು. ಇನ್ನೂ ಗಟ್ಟಿಯಾಗಿರುವವು ಒಂದು ರಾಶಿ. ಕೆಡಲು ಶುರುವಾಗಿ, ಈಗ ಹಿಡಿದರೆ ಉಳಿಯುವವು ಎರಡನೆಯದು. ಕೈಮೀರಿ ಹೋದವು ಮೂರನೆಯದು. ನಿನ್ನ ಸಣ್ಣ ಹಣದಲ್ಲಿ ಮೊದಲ ಪಾಲು ಗಟ್ಟಿಯಾಗಿರುವವಕ್ಕೆ.

ಮಗಳು: ಗಟ್ಟಿಯಾಗಿರುವುದಕ್ಕೆ ಯಾಕೆ? ಜನ ಒಪ್ಪುತ್ತಾರೆಯೆ?

ದೊಡ್ಡಪ್ಪ: ಅವಕ್ಕೆ ಬೇಕಾದದ್ದು ತೀರ ಸ್ವಲ್ಪ. ಪೈಪಿನ ಬಾಯಿ ಬಿಡಿಸುವುದು, ಪೈಪನ್ನು ಗರ್ಡರಿನಿಂದ ಕೆಳಗೆ ಇಳಿಯುವಷ್ಟು ಉದ್ದ ಮಾಡುವುದು, ಜಾಯಿಂಟಿನ ಕಸ ತೆಗೆಯುವುದು, ಸಸಿ ಕೀಳುವುದು, ಬೇರಿಂಗಿನ ಸುತ್ತ ತುಂಬಿದ ಮಣ್ಣು ಬಾಚುವುದು. ಬೇರಿಂಗು ಮಣ್ಣಿನಲ್ಲಿ ಹೂತರೆ ಬಿಸಿಲಿಗೆ ಗರ್ಡರು ಹಿಗ್ಗಲು ಜಾಗ ಸಿಗದೆ ಕಂಬದ ತಲೆ ಸೀಳುತ್ತದೆ. ಹಿಂದೆ ಇದನ್ನೆಲ್ಲ ರಸ್ತೆಯ ಗ್ಯಾಂಗ್‌ಮನ್‌ಗಳು ಮಾಡುತ್ತಿದ್ದರು. ಯಾವ ಮೋರಿಯ ಬಾಯಿ ಯಾವ ಮಳೆಗೆ ಕಟ್ಟುತ್ತದೆಂದು ಅವರಿಗೆ ಬಾಯಿಪಾಠ. ಈಗ ಎಲ್ಲಕ್ಕೂ ಟೆಂಡರು. ಒಂದು ಸೇತುವೆಯ ಪೈಪು ತೊಳೆಯುವ ಕೆಲಸಕ್ಕೆ ಯಾವ ಗುತ್ತಿಗೆದಾರ ಬರುತ್ತಾನೆ? ಐವತ್ತನ್ನೂ ಸೇರಿಸಿ ವರ್ಷಕ್ಕೊಂದೇ ಕೆಲಸ ಮಾಡು. ಮಳೆಗೆ ಮೊದಲು ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ. ಪ್ರತಿ ಪೈಪಿನ ಫೋಟೋ ಬಂದ ಮೇಲೆ ಬಿಲ್ಲು. ನಾಲ್ಕು ಸೇತುವೆ ದುರಸ್ತಿ ಮಾಡುವ ಹಣದಲ್ಲಿ ಒಂದರ ಪಾಲು ತೆಗೆದಿಟ್ಟರೂ ಐವತ್ತು ಸೇತುವೆಗಳ ನೀರಿಗೆ ದಾರಿ ಆದೀತು. ಮಿಕ್ಕಿದ್ದು ಎರಡನೆಯ ರಾಶಿಗೆ. ಸಡಿಲ ಕಾಂಕ್ರೀಟು ತಟ್ಟಿ ತೆಗೆದು, ಸರಳು ಉಜ್ಜಿ, ಸರಿಯಾಗಿ ತುಂಬುವ ಕೆಲಸಕ್ಕೆ.

ಮಗಳು: ಮೂರನೆಯ ರಾಶಿಗೆ?

ದೊಡ್ಡಪ್ಪ: ಅದಕ್ಕೆ ಸಣ್ಣ ಹಣ ಹಾಕಬೇಡ. ಅಲ್ಲಿ ಸಿಮೆಂಟು ಮೆತ್ತಿ ಬಣ್ಣ ಬಳಿದರೆ ಕಾಯಿಲೆ ಮುಚ್ಚಿಹೋಗುತ್ತದೆ. ಮುಂದಿನ ವರ್ಷ ತಪಾಸಣೆಗೆ ಬಂದವನು ಬಣ್ಣ ನೋಡಿ ತೃಪ್ತಿಕರ ಎಂದು ಬರೆಯುತ್ತಾನೆ. ಅಲ್ಲಿ ಮಾಡುವುದು ಮೂರೇ ಕೆಲಸ. ಭಾರದ ವಾಹನ ನಿಲ್ಲಿಸು, ಬೇಕಾದರೆ ಪೂರ್ತಿ ಮುಚ್ಚು. ಹೊಸದು ಬರುವತನಕ ಕಣ್ಣಿಟ್ಟು ಕಾಯಿ. ಹೊಸದಕ್ಕೆ ಬಂಡವಾಳದ ಶೀರ್ಷಿಕೆಯಲ್ಲಿ ಪ್ರಸ್ತಾವ ಕಳಿಸು.

ಮಗಳು: ಹೊಸದು ಮಂಜೂರಾಗುವವರೆಗೆ ಹಳೆಯದರ ಮೇಲೆ ವಾಹನ ಬಿಡಿ ಎನ್ನುತ್ತಾರಲ್ಲ. ಮೇಲಿನವರೂ ಜನರೂ ಎಲ್ಲ.

ದೊಡ್ಡಪ್ಪ: ಆ ನಡುವಿನ ಕಾಲವೇ ಎಲ್ಲಕ್ಕಿಂತ ಅಪಾಯದ್ದು. ಗುಜರಾತಿನ ಗಂಭೀರಾ ಸೇತುವೆ ನೆನಪಿಸಿಕೊ. ವಡೋದರಾಕ್ಕೂ ಆಣಂದಕ್ಕೂ ನಡುವೆ ಮಹಿಸಾಗರ ನದಿಯ ಮೇಲೆ 1985ರಲ್ಲಿ ಬಳಕೆಗೆ ಬಂದದ್ದು, ನಾವೀಗ ನಿಂತ ಸೇತುವೆಯ ಓರಗೆಯದು. ಹೊಸದಕ್ಕೆ ಮಂಜೂರಾತಿ ಸಿಕ್ಕಿತ್ತು. ಹಳೆಯದರ ಮೇಲೆ ಲಾರಿಗಳು ಓಡಾಡುತ್ತಲೇ ಇದ್ದವು. 2025ರ ಜುಲೈ 9ರ ಬೆಳಗ್ಗೆ ಒಂದು ಅಂಕಣ ಕಳಚಿತು. ಇಪ್ಪತ್ತು ಜನಕ್ಕಿಂತ ಹೆಚ್ಚು ಸತ್ತರು. ಮಂಜೂರಾತಿ ಪತ್ರ ಫೈಲಿನಲ್ಲಿರುವವರೆಗೆ ಯಾವ ಭಾರವನ್ನೂ ಹೊರುವುದಿಲ್ಲ.

ಮಗಳು: ನಮ್ಮ ಕಾಳಿ ಸೇತುವೆಯೂ ಸುಮಾರು ಅದೇ ವಯಸ್ಸಿನದು.

ದೊಡ್ಡಪ್ಪ: ಹೌದು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡ ನಡುವಿನ ಹಳೆಯ ಸೇತುವೆ ಮುರಿಯಿತು. ಲಾರಿಯೊಂದು ಕೆಳಗೆ ಹೋಯಿತು. ಪೊಲೀಸರು, ಮೀನುಗಾರರು ಸೇರಿ ಚಾಲಕನನ್ನು ಬದುಕಿಸಿದರು. ಹಗಲಾಗಿದ್ದರೆ ಏನಾಗುತ್ತಿತ್ತೋ ನೆನೆಯಲಾರೆ. ಪಕ್ಕದಲ್ಲೇ ಹೊಸ ಸೇತುವೆ ಇತ್ತು. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆಯನ್ನು ನೆರೆ ಎಳೆದುಕೊಂಡು ಹೋದಾಗಲೂ ಪಕ್ಕದಲ್ಲಿ ಹೊಸ ಸೇತುವೆ ಇತ್ತು. ಎರಡು ಸರ್ಕಾರಿ ಬಸ್ಸುಗಳು ಜನ ಸಮೇತ ಹೊಳೆಗೆ ಹೋದವು. ಎರಡು ಕಡೆಯೂ ಹೊಸದರ ಮೇಲೆ ಒಂದು ದಿಕ್ಕಿನ ವಾಹನ, ಹಳೆಯದರ ಮೇಲೆ ಇನ್ನೊಂದು ದಿಕ್ಕಿನದು. ಪಕ್ಕದಲ್ಲಿ ದಾರಿ ಇರುವಾಗ ಹಳೆಯದನ್ನು ಬಿಟ್ಟುಕೊಡಲು ನಮಗೆ ಯಾಕೋ ಮನಸ್ಸು ಬರುವುದಿಲ್ಲ.

ಮಗಳು: ಮಹಾಡ್ ಆದ ಮೇಲಲ್ಲವೆ ಕೇಂದ್ರ ಸರ್ಕಾರ ಸೇತುವೆಗಳ ಲೆಕ್ಕ ಶುರು ಮಾಡಿದ್ದು?

ದೊಡ್ಡಪ್ಪ: ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆ ಎಂದು ಆರಂಭಿಸಿದರು. ರಾಷ್ಟ್ರೀಯ ಹೆದ್ದಾರಿಗಳ ಒಂದು ಲಕ್ಷಕ್ಕೂ ಹೆಚ್ಚು ಸೇತುವೆ, ಮೋರಿಗಳಿಗೆ ಒಂದೊಂದಕ್ಕೂ ಗುರುತಿನ ಸಂಖ್ಯೆ ಕೊಟ್ಟು, ಸ್ಥಿತಿಗೆ ಅಂಕ ಹಾಕಿದರು. ಒಳ್ಳೆಯ ಕೆಲಸ. ಎಷ್ಟಿವೆ, ಎಲ್ಲಿವೆ, ಹೇಗಿವೆ ಎಂದು ತಿಳಿಯದವನಿಗೆ ಹಣ ಹಂಚಲೂ ಬರುವುದಿಲ್ಲ. ಆದರೆ ಬರೆದಿಟ್ಟ ಮಾತ್ರಕ್ಕೆ ಸೇತುವೆ ಉಳಿಯುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಫರ್ನ್ ಹಾಲೋ ಎಂಬ ಸೇತುವೆ 2022ರ ಜನವರಿ 28ರಂದು ಬಿತ್ತು. ಬಸ್ಸೊಂದು ಅದರ ಮೇಲಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಹಣವಿರುವ ದೇಶ, ಬಿಡದೆ ತಪಾಸಣೆ ಆಗುತ್ತಿತ್ತು. ಹತ್ತು ವರ್ಷ ಕಾಲ ಸ್ಥಿತಿ ಕಳಪೆ ಎಂದೇ ದಾಖಲಾಗಿತ್ತು. ನೀರು ಹೋಗುವ ದಾರಿ ಕಟ್ಟಿದೆ, ಉಕ್ಕಿನ ಕಾಲುಗಳ ಬುಡದಲ್ಲಿ ಕಸ ತುಂಬಿ ತುಕ್ಕು ತಿನ್ನುತ್ತಿದೆ ಎಂದು ವರದಿಗಳು ಮತ್ತೆ ಮತ್ತೆ ಹೇಳಿದ್ದವು. ಅದನ್ನು ಯಾರೂ ಸರಿ ಮಾಡಿಸಲಿಲ್ಲ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಇದನ್ನೇ ಹೇಳಿತು. ತೂಕದ ಮಿತಿಯ ಲೆಕ್ಕ ಸರಿಯಾಗಿ ಹಾಕಿದ್ದರೆ ಆ ಸೇತುವೆಯನ್ನು ಮೊದಲೇ ಮುಚ್ಚಬೇಕಾಗಿತ್ತು ಎಂದೂ ಹೇಳಿತು.

ಮಗಳು: ಅಂದರೆ ಅಲ್ಲಿಯೂ ಪೈಪಿನ ಬಾಯಿ!

ದೊಡ್ಡಪ್ಪ: ಅಲ್ಲಿಯೂ ಅದೇ. ಹಣ ಕಡಿಮೆ ಎಂಬುದು ನಿಜ, ನಿನ್ನ ಕಷ್ಟ ನಾನು ಬಲ್ಲೆ. ಆದರೆ ಬಹಳ ಸೇತುವೆಗಳು ಸತ್ತದ್ದು ದೊಡ್ಡ ಹಣ ಸಿಗದ್ದಕ್ಕಲ್ಲ, ಸಣ್ಣ ಹಣ ಹೊತ್ತಿಗೆ ಸರಿಯಾಗಿ ಬೀಳದ್ದಕ್ಕೆ.

ಮಗಳು: ಹೊಳೆಯೇ ಎಳೆದುಕೊಂಡು ಹೋದರೆ? ಪೈಪು ತೊಳೆದು ಏನು ಮಾಡುವುದು?

ದೊಡ್ಡಪ್ಪ: ಅದೂ ಸರಿಯಾದ ಪ್ರಶ್ನೆಯೇ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ನೋಡಿದ್ದೀಯಲ್ಲ, 1804ರಲ್ಲಿ ದಿವಾನ್ ಪೂರ್ಣಯ್ಯ ಕಟ್ಟಿಸಿದ್ದು. ಕಲ್ಲಿನ ಕಂಬ, ಕಲ್ಲಿನ ಚಪ್ಪಡಿ. ಒಳಗೆ ಸರಳು ಇಲ್ಲ, ತುಕ್ಕಿನ ಭಯ ಇಲ್ಲ. ಅದಕ್ಕೆ ಭಯ ಹೊಳೆಯದೊಂದೇ. ಕಾಂಕ್ರೀಟ್ ಸೇತುವೆಗೆ ಎರಡೂ ನೀರಿನ ಭಯ, ಮೇಲಿನಿಂದ ತೊಟ್ಟಿಕ್ಕುವುದು, ಬುಡದಲ್ಲಿ ಕೊರೆಯುವುದು. ಕಂಬದ ಬುಡದ ಮರಳು ಮಳೆಗಾಲದಲ್ಲಿ ಎಷ್ಟು ಕೆಳಗೆ ಹೋಯಿತೆಂದು ನೆರೆ ಇಳಿದ ಮೇಲೆ ಪ್ರತಿ ವರ್ಷ ಅಳೆಯಬೇಕು. ಉದ್ದನೆಯ ಬಿದಿರು ಸಾಕು, ಒಂದು ದೋಣಿ ಸಾಕು. ಹೊಳೆ ಕೊರೆದದ್ದಕ್ಕಿಂತ ಮನುಷ್ಯರು ತೆಗೆದದ್ದು ಹೆಚ್ಚಾದರೆ ಅದೂ ಆ ಅಳತೆಯಲ್ಲಿ ಕಾಣುತ್ತದೆ. 2018ರ ಜೂನಿನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಮುರಿದಾಗ ಊರವರು ದೂರಿದ್ದು ಮರಳುಗಾರಿಕೆಯನ್ನು. ಸೇತುವೆಯ ಹತ್ತಿರ ಮರಳು ತೆಗೆಯದಂತೆ ತಡೆದರೆ ಖಜಾನೆಯಿಂದ ಒಂದು ಪೈಸೆ ಹೋಗುವುದಿಲ್ಲ. ಅದೂ ನಿರ್ವಹಣೆಯೇ.

ಮಗಳು: ಸರಿ. ಒಂದೇ ರಾಶಿಯಲ್ಲಿ ಹತ್ತು ಸೇತುವೆ ಇದ್ದರೆ ಯಾವುದು ಮೊದಲು? ಶಾಸಕರ ಊರಿನದೆ? ಹೆಚ್ಚು ಅರ್ಜಿ ಬಂದದ್ದೆ?

ದೊಡ್ಡಪ್ಪ: ಎರಡೂ ಅಲ್ಲ. ಈ ಸೇತುವೆ ನಾಳೆ ನಿಂತರೆ ಯಾರು ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ಕೇಳಿಕೊ. ಘಟ್ಟದ ಬುಡದಲ್ಲಿ ಒಂದೇ ಸೇತುವೆಯ ಆಚೆ ಇಡೀ ಊರು ಇರುತ್ತದೆ. ಹೆರಿಗೆ ನೋವು ಬಂದರೆ ಬೇರೆ ದಾರಿಯಿಲ್ಲ. ಶಾಲೆಯ ಮಕ್ಕಳಿಗೆ ಬೇರೆ ದಾರಿಯಿಲ್ಲ. ಸ್ಥಿತಿ ತಕ್ಕಮಟ್ಟಿಗೆ ಇದ್ದರೂ ಅದು ಮೊದಲು. ಸುತ್ತಿ ಬರಲು ದಾರಿಯಿದ್ದರೆ, ಸ್ಥಿತಿ ಅದಕ್ಕಿಂತ ಕೆಟ್ಟಿದ್ದರೂ ಅದು ಆಮೇಲೆ. ಸೇತುವೆಯ ಸ್ಥಿತಿ, ದಾಟುವ ಜನ, ಬದಲಿ ದಾರಿ, ಈ ಮೂರನ್ನು ಪ್ರತಿ ಹೆಸರಿನ ಮುಂದೆ ಬರೆದು, ಆ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಿಸು. ಯಾಕೆ ಈ ಊರು ಮೊದಲು, ಯಾಕೆ ನಮ್ಮದು ಆಮೇಲೆ ಎಂದು ಜನರಿಗೆ ಓದಲು ಬರಬೇಕು. ಹಣ ಕಡಿಮೆಯಿದೆ ಎಂದರೆ ಜನ ಸಹಿಸುತ್ತಾರೆ. ತಮ್ಮ ಸರದಿ ಯಾರೋ ತಿಂದರು ಎಂದರೆ ಸಹಿಸುವುದಿಲ್ಲ.

(ಅವಳು ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತಾಳೆ.)

ಮಗಳು: ದೊಡ್ಡಪ್ಪ, ಒಂದು ಮಾತು. ಬೆಳಗ್ಗೆ ನೀವು ನನ್ನನ್ನು ಇಲ್ಲಿಗೆ ಕರೆತಂದದ್ದು ನಮ್ಮ ಊರಿನ ಈ ಸೇತುವೆಯನ್ನು ದುರಸ್ತಿ ಪಟ್ಟಿಯಲ್ಲಿ ಮೇಲೆ ಹಾಕಲಿ ಎಂದಲ್ಲವೆ?

ದೊಡ್ಡಪ್ಪ: ಹೌದು. ಸುಳ್ಳು ಹೇಳುವುದಿಲ್ಲ. ಊರವರೂ ನನ್ನ ಹತ್ತಿರ ಕೇಳಿದ್ದರು.

ಮಗಳು: ನೀವು ಹೇಳಿದ ಲೆಕ್ಕದಲ್ಲೇ ಹಾಕಿದೆ. ಮೂರೂ ಅಂಕಣಗಳ ಗರ್ಡರಿನಲ್ಲಿ ಪೊಳ್ಳು ಸದ್ದಿದೆ. ನಡುವಿನ ಅಂಕಣದಲ್ಲಿ ಸರಳು ಹೊರಗೇ ಬಂದಿದೆ. ಉಪ್ಪು ಒಳಗೆ ಇಳಿದಾಗಿದೆ. ನನ್ನ ಹಣದಲ್ಲಿ ಮಾಡಿದರೆ ಅದು ಮೆತ್ತುವ ಕೆಲಸವೇ ಆಗುತ್ತದೆ. ಆಚೆ ಹೆದ್ದಾರಿಯ ಕಡೆಯಿಂದ ಸುತ್ತಿ ಬರಲು ದಾರಿಯೂ ಇದೆ. ಇದು ಮೂರನೆಯ ರಾಶಿಗೆ ಹೋಗುತ್ತದೆ, ದೊಡ್ಡಪ್ಪ. ಮೇಲಿನ ಡಾಂಬರು ಕೆರೆಸಿ ಭಾರ ಇಳಿಸುತ್ತೇನೆ, ನೀರಿಗೆ ದಾರಿ ಮಾಡಿಸುತ್ತೇನೆ. ಉಳಿದ ಹಣ ಘಟ್ಟದ ಬುಡದ ಸೇತುವೆಗೆ. ಇಲ್ಲಿಗೆ ಭಾರದ ವಾಹನ ನಿಷೇಧಿಸಿ ಎಂದು ಇವತ್ತೇ ಮೇಲಿನವರಿಗೆ ಬರೆಯಬೇಕು. ಮೋಟಾರು ವಾಹನ ಕಾಯ್ದೆಯ ಕಲಂ 115ರಲ್ಲಿ ಜಿಲ್ಲಾಧಿಕಾರಿಯವರು ಆದೇಶ ಮಾಡಬಹುದು.

(ದೊಡ್ಡಪ್ಪ ಸುಮ್ಮನಿರುತ್ತಾರೆ. ಕೆಳಗೆ ಭರತದ ನೀರು ಕಂಬದ ಬುಡಕ್ಕೆ ಬರತೊಡಗಿದೆ.)

ಮಗಳು: ಅಣ್ಣನ ಮನೆಯ ಕೆಲಸ ಅರ್ಧಕ್ಕೆ ಬಂದಿದೆ. ಚಿರೇಕಲ್ಲಿನ ಲಾರಿ ಇನ್ನು ಇಲ್ಲಿಂದ ಬರಲಾಗುವುದಿಲ್ಲ. ಸುತ್ತಿ ಬಂದರೆ ಬಾಡಿಗೆ ಹೆಚ್ಚಾಗುತ್ತದೆ. ಊರವರೂ ನಿಮ್ಮನ್ನೇ ಕೇಳುತ್ತಾರೆ, ನಿಮ್ಮ ತಮ್ಮನ ಮಗಳೇ ಅಲ್ಲಿರುವಾಗ ನಮ್ಮ ಸೇತುವೆಗೆ ಹೀಗಾಯಿತಲ್ಲ ಎಂದು.

ದೊಡ್ಡಪ್ಪ: ಕೇಳುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ. ಅಡಿಕೆ ಸಾಗಿಸುವವರಿಗೆ, ಗೊಬ್ಬರ ತರಿಸುವವರಿಗೆ ದಿನವೂ ಖರ್ಚು ಬೀಳುತ್ತದೆ. ಅದಕ್ಕೇ ವರದಿಯಲ್ಲಿ ಬರೀ ನಿಷೇಧ ಎಂದು ಬರೆದು ಮುಗಿಸಬೇಡ. ಸುತ್ತು ಎಷ್ಟು ಕಿಲೋಮೀಟರ್, ಎಷ್ಟು ಮನೆಗಳಿಗೆ ತೊಂದರೆ ಎಂದು ಬರೆ. ಹೊಸ ಸೇತುವೆಯ ಪ್ರಸ್ತಾವಕ್ಕೆ ಅದೇ ಬಲ. ಬಸ್ಸು ಹೋಗಬಹುದೋ ಬೇಡವೋ ಎಂಬುದನ್ನು ನೀನೊಬ್ಬಳೇ ಹೇಳಬೇಡ, ಭಾರ ತಾಳುವ ಶಕ್ತಿಯ ಪರೀಕ್ಷೆ ಮಾಡಿಸಲು ಕೇಳು. ಊರವರ ಸಭೆ ಕರೆದರೆ ನಾನು ಬಂದು ಕೂರುತ್ತೇನೆ. ಕವರ್ ಬ್ಲಾಕಿನ ವಿಷಯವನ್ನು ಅಲ್ಲಿಯೂ ನಾನೇ ಹೇಳುತ್ತೇನೆ.

ಮಗಳು: ಬೇಸರವಿಲ್ಲವೆ?

ದೊಡ್ಡಪ್ಪ: ಇದೆ. ನಾನು ಕಟ್ಟಿಸಿದ್ದು ನನ್ನ ಕಣ್ಣೆದುರೇ ಮುಗಿಯುತ್ತಿದೆ. ಆದರೆ ಒಂದು ದಿನ ಅದು ಯಾರದೋ ಮಗುವನ್ನು ಹೊತ್ತುಕೊಂಡು ಹೊಳೆಗೆ ಬಿದ್ದರೆ ಆಗುವ ಬೇಸರ ಇದಲ್ಲ. ಬರೆ. ಫಲಕ ಎಲ್ಲಿ ಹಾಕಿಸುತ್ತೀಯ?

ಮಗಳು: ಸೇತುವೆಯ ಎರಡೂ ತುದಿಯಲ್ಲಿ.

ದೊಡ್ಡಪ್ಪ: ಇಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಇಲ್ಲಿಯವರೆಗೆ ಬಂದ ಲಾರಿಗೆ ತಿರುಗಿಸಲು ಜಾಗವಿಲ್ಲ. ಹಿಂದಕ್ಕೆ ಹೋಗಲಾರದೆ ಇದೊಂದು ಸಲ ದಾಟಿಬಿಡೋಣ ಎನ್ನುತ್ತಾನೆ. ಲಾರಿ ತಿರುಗಿಸಲು ಆಗುವ ಕೊನೆಯ ಜಾಗದಲ್ಲಿ ಫಲಕ ಇರಬೇಕು. ಈ ಕಡೆಯಲ್ಲಿ ಅಂಥ ಜಾಗ ಒಂದೇ, ನಮ್ಮ ಮನೆಯ ಎದುರಿನ ತಿರುವು. ಬೇಲಿಯನ್ನು ಎರಡು ಮೊಳ ಒಳಗೆ ಸರಿಸುತ್ತೇನೆ. ಕಂಬ ಅಲ್ಲಿ ನಿಲ್ಲಿಸು.